ನಾಲ್ಕೂವರೆ ತಿಂಗಳಿಗೇ ‘ಆಟಕ್ಕೆ ಫಿಟ್’ ಎಂದು ಬರೆದುಕೊಟ್ಟ ಬಗ್ಗೆ ದೂರು

ಬೆಂಗಳೂರು
12 ಮೇ 2025

ಗೆ,
ವ್ಯವಸ್ಥಾಪಕರು,
ಫಿಸಿಯೋಥೆರಪಿ ಕೇಂದ್ರ, ಬೆಂಗಳೂರು

ವಿಷಯ: ಪರೀಕ್ಷೆ ಮಾಡದೆ ಕೊಟ್ಟ ಫಿಟ್‌ನೆಸ್ ಪತ್ರ ಮತ್ತು ಬಾಕಿ 6,600 ರೂಪಾಯಿ ವಾಪಸಾತಿ

ಮಾನ್ಯರೇ,

ನನ್ನ ಮಗಳಿಗೆ ಹದಿನಾರು ವರ್ಷ. ಖೋ-ಖೋ ಆಡುತ್ತ ಕಂಬದ ಹತ್ತಿರ ತಿರುಗುವಾಗ ಬಲ ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಅಸ್ಥಿರಜ್ಜು) ಹರಿಯಿತು. 10 ಡಿಸೆಂಬರ್ 2024ರಂದು ಆಪರೇಷನ್ ಆಯಿತು. ಜನವರಿಯಲ್ಲಿ ನಿಮ್ಮಲ್ಲಿ 30 ಸಿಟ್ಟಿಂಗ್‌ಗೆ 18,000 ರೂಪಾಯಿ ಮುಂಗಡ ಕಟ್ಟಿದೆ. 19 ಮುಗಿದಿವೆ.

ಅಷ್ಟೂ ದಿನ ನಾನು ಪಕ್ಕದ ಬೆಂಚಿನಲ್ಲೇ ಕೂತಿದ್ದೆ. ಬಿಸಿ ಪ್ಯಾಕ್ ಹದಿನೈದು ನಿಮಿಷ, ಕರೆಂಟಿನ ಮೆಷಿನ್ ಹದಿನೈದು ನಿಮಿಷ, ಕೊನೆಗೆ ಮಲಗಿಸಿ ಹತ್ತು ಸಲ ಕಾಲೆತ್ತಿಸುವುದು. ಜನವರಿಯಲ್ಲಿ ಮಾಡಿಸಿದ್ದೇ ಏಪ್ರಿಲ್‌ನಲ್ಲೂ. ಫೆಬ್ರವರಿಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ಮೆಟ್ಟಿಲು ಹತ್ತಿಸಿ, ಕಾಲಿಗೆ ಭಾರ ಕಟ್ಟಿ ಶ್ರದ್ಧೆಯಿಂದ ಮಾಡಿಸುತ್ತಿದ್ದಳು. ಎರಡೇ ವಾರಕ್ಕೆ ಅವಳನ್ನು ಬೇರೆ ಬ್ರಾಂಚಿಗೆ ಕಳಿಸಿದಿರಿ. ಆಮೇಲೆ ಬಂದವರೆಲ್ಲ “ಯಾವ ಕಾಲಮ್ಮಾ?” ಎಂದು ಮಗಳನ್ನೇ ಕೇಳುತ್ತಿದ್ದರು.

28 ಏಪ್ರಿಲ್‌ಗೆ ‘ಆಟಕ್ಕೆ ಫಿಟ್’ ಎಂಬ ಪತ್ರ ಬಂತು. ಅವಳ ಸಂತೋಷ ಹೇಳತೀರದು. ಮನೆ ತಲುಪುವ ಮೊದಲೇ ಪತ್ರದ ಫೋಟೋ ಕೋಚ್‌ಗೆ ವಾಟ್ಸಾಪ್ ಆಗಿತ್ತು.

ನಾನು ಶ್ರೀರಾಂಪುರದಲ್ಲಿ ಬಟ್ಟೆ ಹೊಲಿಯುವವಳು. ಅದೇ ರಾತ್ರಿ ಅವಳಿಗೊಂದು ಪ್ಯಾಂಟ್ ಹೊಲಿಯಲು ಟೇಪ್ ಹಿಡಿದೆ. ಎಡ ತೊಡೆ 18 ಇಂಚು, ಬಲ ತೊಡೆ 16½. ಮಂಡಿಯಿಂದ ಒಂದು ಗೇಣು ಮೇಲೆ ಗುರುತು ಹಾಕಿಕೊಂಡು ಮೂರು ಸಲ ಅಳೆದೆ. ನಾಲ್ಕು ತಿಂಗಳಲ್ಲಿ ನಿಮ್ಮಲ್ಲಿ ಯಾರೂ ಒಮ್ಮೆಯೂ ಟೇಪ್ ಹಿಡಿಯಲಿಲ್ಲವೇ?

ಮರುದಿನ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಓಡಿದೆ. ಕುರ್ಚಿಯಿಂದ ಒಂಟಿಕಾಲಲ್ಲಿ ಏಳು ಅಂದರು. ಎಡಗಾಲಲ್ಲಿ ಎದ್ದಳು, ಬಲಗಾಲಲ್ಲಿ ಆಗಲೇ ಇಲ್ಲ. ಹೊಸದಾಗಿ ಕೂರಿಸಿದ ಲಿಗಮೆಂಟ್ ಗಟ್ಟಿಯಾಗಲು ತಿಂಗಳುಗಳೇ ಬೇಕು, ಕನಿಷ್ಠ 9 ತಿಂಗಳು ತಿರುವು-ಜಿಗಿತದ ಆಟ ಬೇಡ ಎಂದರು. ಆಮೇಲೂ ತೊಡೆಯ ಬಲ, ಒಂಟಿಕಾಲಿನ ಜಿಗಿತ ಎರಡೂ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕಂತೆ. ಮೆಷಿನ್ ನೋವು ತಗ್ಗಿಸೀತು, ಬಲ ಬರುವುದು ಭಾರ ಹೆಚ್ಚಿಸುತ್ತ ಮಾಡುವ ವ್ಯಾಯಾಮದಿಂದಲೇ ಎಂದರು. ಖೋ-ಖೋದಲ್ಲಿ ಕುಕ್ಕರಗಾಲಲ್ಲಿ ಕೂತವಳು ‘ಖೋ’ ಬಿದ್ದ ಕೂಡಲೇ ಚಿಮ್ಮಿ ಓಡಬೇಕು. ಆ ಕಾಲಲ್ಲಿ ಅವಳು ಅಂಕಣಕ್ಕೆ ಇಳಿದಿದ್ದರೆ? ನೆನೆದರೆ ಈಗಲೂ ಕೈ ನಡುಗುತ್ತದೆ.

ಉಳಿದ 11 ಸಿಟ್ಟಿಂಗ್‌ನ ಹಣ ಕೇಳಿದರೆ ಕೌಂಟರಿನಲ್ಲಿ “ಪ್ಯಾಕೇಜ್ ದುಡ್ಡು ವಾಪಸ್ ಇಲ್ಲ” ಎಂದರು. ರಸೀದಿಯಲ್ಲಿ ಹಾಗೆ ಎಲ್ಲೂ ಬರೆದಿಲ್ಲ. ಅಷ್ಟು ದುಡಿಯಲು ನಾನು ಹದಿನೈದು ಲೈನಿಂಗ್ ಬ್ಲೌಸಾದರೂ ಹೊಲಿಯಬೇಕು.

ಆ 6,600 ರೂಪಾಯಿ ಹಿಂದಿರುಗಿಸಿ. ಫಿಟ್‌ನೆಸ್ ಪತ್ರ ರದ್ದಾಗಿದೆ ಎಂದು ನನಗೂ ಕೋಚ್‌ಗೂ ಬರೆದುಕೊಡಿ, ಇದು ಹಣಕ್ಕಿಂತ ಮುಖ್ಯ. 19 ದಿನದ ಚಿಕಿತ್ಸೆಯ ದಾಖಲೆಯ ನಕಲೂ ಬೇಕು, ಹೊಸ ಥೆರಪಿಸ್ಟ್ ಕೇಳುತ್ತಿದ್ದಾರೆ. 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ಬಾಲಕಿಯ ತಾಯಿ

ಲಗತ್ತು: ರಸೀದಿ, ನಿಮ್ಮ ಪತ್ರದ ನಕಲು, ಡಾಕ್ಟರ ಚೀಟಿ