ನಮ್ಮ ಮನರಂಜನಾ ಕೇಂದ್ರಕ್ಕೆ ಅಂಗಡಿ ಬಾಡಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಕ್ಲಬ್ಬುಗಳು, ಸಂಘಗಳು ಸರ್ಕಾರಿ ಕಟ್ಟಡಗಳನ್ನು ಪುಡಿಗಾಸಿಗೆ ಹಿಡಿದುಕೊಂಡು ಕೂತಿವೆ, ಎಲ್ಲವನ್ನೂ ವಾಪಸ್ ತಗೊಂಡು ಟೆಂಡರ್ ಕರೆಯಬೇಕು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟಿಗೆ ಕಾರಣವಿದೆ. ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಕೇಳುವ, ಗೇಟಿನಲ್ಲೇ ನಮ್ಮಂಥವರನ್ನು ತಡೆಯುವ ಜಾಗಗಳು ಬೆಂಗಳೂರಿನಲ್ಲಿವೆ. ಅವುಗಳಿಗೆ ಪೂರ್ತಿ ಬಾಡಿಗೆ ಹಾಕಲಿ, ನನ್ನ ತಕರಾರಿಲ್ಲ. ಆದರೆ ಅದೇ ಕೋಲಿನಲ್ಲಿ ನಮ್ಮ ಬಡಾವಣೆಯ ಮನರಂಜನಾ ಕೇಂದ್ರವನ್ನೂ ಅಳೆಯಲು ಹೊರಟಿದ್ದಾರೆ. ಅದು ಸರಿಯಲ್ಲ.

ನಾನು ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ಕೆಲಸ ಮಾಡಿದವಳು. ವಿಆರ್‌ಎಸ್ ತಗೊಂಡ ಮೇಲೆ ಕೇಂದ್ರದ ಖಜಾಂಚಿಯಾಗಿದ್ದೇನೆ. ಬಾಡಿಗೆ ರಸೀದಿಗಳ ಫೈಲು ನನ್ನ ಬಳಿಯೇ ಇದೆ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಚಿಕ್ಕ ಸಂಘ. ಕಟ್ಟಡ ಒಂದು ಸಾರ್ವಜನಿಕ ಸಂಸ್ಥೆಯದು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮಾತುಕತೆಗೆ ಇನ್ನೂ ದಾರಿ ಇದೆ ಎಂದು ನಂಬಿದ್ದೇನೆ.

ಒಂದು ಹಾಲ್, ಎರಡು ಕೋಣೆ, ಹಿಂದೆ ಒಂದು ಶೀಟಿನ ಮಾಡು. ಇಷ್ಟೇ ನಮ್ಮ ಕೇಂದ್ರ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತದೆ, ಪೇಪರ್ ಓದುವವರು ಬರುತ್ತಾರೆ. ಇವರಲ್ಲಿ ಜಾಸ್ತಿ ಜನ ಮಿಲ್ಲು, ಫ್ಯಾಕ್ಟರಿಗಳಲ್ಲಿ ದುಡಿದು ನಿವೃತ್ತರಾದವರು. ಮಧ್ಯಾಹ್ನದ ಬಿಸಿಲಿನಲ್ಲಿ ಊಟ ತಲುಪಿಸುವ ಹುಡುಗರು ಬಂದು ಫ್ಯಾನ್ ಕೆಳಗೆ ಕೂರುತ್ತಾರೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಾರೆ, ನೀರು ತುಂಬಿಸಿಕೊಂಡು ಹೊರಡುತ್ತಾರೆ. ಅವರು ಸದಸ್ಯರಲ್ಲ. ಯಾರೂ ಕೇಳುವುದೂ ಇಲ್ಲ.

ಮೂರರಿಂದ ಐದು ಗಂಟೆ ಹೆಂಗಸರ ಸಮಯ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಗಂಡಸರಿಗೆ ಟೀ ಅಂಗಡಿ ಇದೆ, ಪಾರ್ಕಿನ ಬೆಂಚಿದೆ, ಬಸ್ ಸ್ಟಾಪ್ ಕಟ್ಟೆಯೂ ಆಗುತ್ತದೆ. ಮನೆ ಬಿಟ್ಟರೆ ದೇವಸ್ಥಾನ ಎನ್ನುವ ಹೆಂಗಸರು ಎಲ್ಲಿಗೆ ಹೋಗಬೇಕು? ಇಲ್ಲಿಗೆ ಬಂದು ಕೇರಂ ಆಡುತ್ತಾರೆ. ಮದುವೆಯಾದ ಮೇಲೆ ಆಟವನ್ನೇ ಮರೆತಿದ್ದವರು ಈಗ ರೆಡ್‌ಗೆ ಫಾಲೋ ಹೊಡೆಯುವುದನ್ನು ನೋಡಬೇಕು ನೀವು! ಸೊಸೆಯ ಮುಂದೆ ಹೇಳಲಾಗದ್ದನ್ನು, ಅತ್ತೆಯ ಮುಂದೆ ಹೇಳಲಾಗದ್ದನ್ನು ಇಲ್ಲಿ ಹೇಳಿಕೊಂಡು ಹಗುರಾಗಿ ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಮಾತೇ ಬಿಟ್ಟಿದ್ದ ನಮ್ಮ ಬೀದಿಯ ಒಬ್ಬರು ಮೊದಲು ಬಾಯಿಬಿಟ್ಟು ನಕ್ಕಿದ್ದು ಈ ಹಾಲಿನಲ್ಲೇ.

ಸಂಜೆ ಮಕ್ಕಳ ಚೆಸ್, ಟೇಬಲ್ ಟೆನಿಸ್. ಆಮೇಲೆ ರಾತ್ರಿ ಹತ್ತರವರೆಗೆ ಪರೀಕ್ಷೆಗೆ ಓದುವವರು. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಕೆಎಎಸ್ ಅಂತ ಒಬ್ಬೊಬ್ಬರದು ಒಂದೊಂದು. ಒಂದೇ ಕೋಣೆಯ ಮನೆಯಲ್ಲಿ ಟಿವಿಯೂ ಇದ್ದು, ತಮ್ಮ ತಂಗಿಯರೂ ಇದ್ದರೆ ಓದುವುದೆಲ್ಲಿ? ದೊಡ್ಡವರಿಗೆ ತಿಂಗಳಿಗೆ ನೂರು ರೂಪಾಯಿ, ಮಕ್ಕಳಿಗೆ, ಓದುವವರಿಗೆ ಏನೂ ಇಲ್ಲ. ಕೊಡಲು ಆಗದವರನ್ನು ಒತ್ತಾಯಿಸಿಲ್ಲ.

ಈಗ ಜಗಳದ ವಿಷಯ. ನಮ್ಮ ಲೀಸ್ 1994ರಲ್ಲಿ 30 ವರ್ಷಕ್ಕೆ ಆಗಿದ್ದು, ನೋಂದಣಿಯೂ ಆಗಿದೆ. ಅವಧಿ ಮುಗಿದಾಗ ಎರಡೂ ಕಡೆಯವರು ಒಪ್ಪಿ ನವೀಕರಿಸಬಹುದು ಎಂಬ ಷರತ್ತು ಅದರಲ್ಲಿದೆ. ಆ ಷರತ್ತು ಇದೆ ಎಂದ ಮಾತ್ರಕ್ಕೆ ಲೀಸ್ ತಾನಾಗಿ ಮುಂದುವರಿಯುವುದಿಲ್ಲ, ಹೊಸ ಪತ್ರ ಆಗಬೇಕು ಎನ್ನುವುದು ನಮಗೂ ಗೊತ್ತು. ಅದಕ್ಕೇ ಅವಧಿ ಮುಗಿಯುವ ಮೊದಲೇ ಅರ್ಜಿ ಕೊಟ್ಟೆವು. ಸೀಲು ಹಾಕಿದ ಸ್ವೀಕೃತಿ ಇದೆ. ಉತ್ತರ ಬರಲಿಲ್ಲ. ಅವಧಿ ಮುಗಿದ ಮೇಲೂ ನಮ್ಮ ಬಾಡಿಗೆ ಚೆಕ್ಕುಗಳನ್ನು ಜಮಾ ಮಾಡಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಒಂದು ಚೆಕ್ ವಾಪಸ್ ಬಂತು. ಅದರ ಹಿಂದೆಯೇ ನೋಟಿಸ್. ಅದರಲ್ಲಿ ನಮ್ಮನ್ನು ‘ಅನಧಿಕೃತವಾಗಿ ಇರುವವರು’ ಎಂದು ಬರೆದಿದ್ದಾರೆ. ಇಷ್ಟು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದವರಿಗೆ ಈ ಮಾತು! ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಂಡರೆ ಬಾಡಿಗೆದಾರಿಕೆ ಮುಂದುವರಿಯುತ್ತದೆ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಹೇಳುತ್ತದೆ. ಅದನ್ನು ಯಾರೂ ನೋಡಲೇ ಇಲ್ಲ ಅಂತ ಕಾಣುತ್ತದೆ.

ಬಾಯಿಮಾತಿನಲ್ಲಿ ಹೇಳುತ್ತಿರುವುದು ಇಷ್ಟು: ತಿಂಗಳಿಗೆ 4,500 ರೂಪಾಯಿ ಇರುವ ಬಾಡಿಗೆ 86,000 ಆಗಬೇಕು, ಇಲ್ಲದಿದ್ದರೆ ಟೆಂಡರ್. ಈ ಲೆಕ್ಕ ಎಲ್ಲಿಂದ ಬಂತು ಎಂದು ಆರ್‌ಟಿಐ ಅರ್ಜಿ ಹಾಕಿ ಕೇಳಿದೆವು. ಸಿಕ್ಕ ಹಾಳೆಯಲ್ಲಿ ಮುಖ್ಯರಸ್ತೆಯ ಅಂಗಡಿಗಳ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಬೆಲೆ, ಹಿಡಿದು ಗುಣಿಸಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಈ ದರ ಏರಿತು, ಅದೂ ಇದಕ್ಕೆ ಸೇರಿತು. ಕೇರಂ ಬೋರ್ಡನ್ನೂ ಚಿನ್ನದಂಗಡಿಯ ಕೌಂಟರನ್ನೂ ಒಂದೇ ಚದರಡಿ ದರದಲ್ಲಿ ನೋಡಿದರೆ ಯಾವ ಬಡಾವಣೆಯಲ್ಲೂ ಕೇರಂ ಬೋರ್ಡ್ ಉಳಿಯುವುದಿಲ್ಲ, ಅಲ್ವಾ?

ಇದು ನಾವು ಬೇಡುತ್ತಿರುವ ದಾನ ಅಲ್ಲ. ನಗರ ಕಟ್ಟಿದವರೇ ಒಪ್ಪಿದ ವಿಚಾರ. 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯನ್ನೇ ತೆಗೆದು ನೋಡಿ. ನಾಗರಿಕ ಸೌಲಭ್ಯ ಎಂದರೆ ಯಾವುದು ಎಂದು ಹೇಳುವಲ್ಲಿ ಶಾಲೆ, ಆಸ್ಪತ್ರೆ, ಅಂಚೆ ಕಚೇರಿಗಳ ಜೊತೆಗೆ ಗ್ರಂಥಾಲಯ, ವ್ಯಾಯಾಮಶಾಲೆಗಳೂ ಇವೆ. ನೋಂದಣಿಯಾದ ಸಂಘಗಳು ನಡೆಸುವ ಸಾಮಾಜಿಕ, ಸಾಂಸ್ಕೃತಿಕ ಕೇಂದ್ರಗಳೂ ಇವೆ. ಜನ ಸೇರಿ ಕೂರುವ ಜಾಗವೂ ಊರಿಗೆ ಬೇಕಾದದ್ದು ಎಂಬ ತಿಳಿವಳಿಕೆ ಕಾಯ್ದೆಯಲ್ಲೇ ಇದೆ.

‘ನೀವು ಬಾಡಿಗೆದಾರರು, ಅಕ್ಕಪಕ್ಕದವರಿಗೆ ಇದರಲ್ಲಿ ಏನು ಕೆಲಸ’ ಎಂದು ಕಚೇರಿಯಲ್ಲಿ ಒಬ್ಬರು ಕೇಳಿದರು. ಅಕ್ಕಪಕ್ಕದವರಿಗೇ ಕೆಲಸ ಇರುವುದು. ಇದೇ ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಪ್ರಶ್ನಿಸುವ ಹಕ್ಕು ಅವರಿಗಿದೆ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಆ ಹಂಚಿಕೆ ನಿಲ್ಲಲಿಲ್ಲ. ಅದು ಪಾರ್ಕಿನ ಕೇಸು, ನಮ್ಮದು ಲೀಸಿನದು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬಡಾವಣೆಗೆಂದು ಇಟ್ಟ ಜಾಗದ ಬಗ್ಗೆ ಬಡಾವಣೆಯವರು ಬಾಯಿ ಮುಚ್ಚಿಕೊಂಡಿರಬೇಕಿಲ್ಲ ಎಂಬುದಂತೂ ಅದರಿಂದ ಗೊತ್ತಾಗುತ್ತದೆ.

ಮೊದಲಾದರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೌನ್ಸಿಲ್ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಕಚೇರಿಗಳು ಜಾಸ್ತಿಯಾದವು, ನಮ್ಮ ಪರವಾಗಿ ಫೈಲು ಹಿಡಿದು ಕೇಳುವ ಒಬ್ಬರೂ ಸಿಗಲಿಲ್ಲ.

ಬಾಡಿಗೆ ಜಾಸ್ತಿ ಮಾಡಲಿ. 4,500 ರೂಪಾಯಿ ಇವತ್ತಿಗೆ ಕಡಿಮೆಯೇ. ಎಷ್ಟು ಎಂಬುದನ್ನು ಕಟ್ಟಡದ ಬಳಕೆ ನೋಡಿ, ಸಂಘದ ಆದಾಯ ನೋಡಿ ಗೊತ್ತುಮಾಡಲಿ, ವರ್ಷಕ್ಕೆ ಇಷ್ಟು ಏರಿಕೆ ಎಂದೂ ಬರೆಯಲಿ. ಬಾಗಿಲು ಎಲ್ಲರಿಗೂ ತೆರೆದಿರಬೇಕು, ಲೆಕ್ಕಪತ್ರ ಗೋಡೆಗೆ ಹಚ್ಚಬೇಕು, ಮದುವೆ ಮುಂಜಿಗೆ ಹಾಲ್ ಬಾಡಿಗೆಗೆ ಕೊಡಬಾರದು ಎಂಬ ಷರತ್ತುಗಳನ್ನು ಹಾಕಲಿ, ತಪ್ಪಿದರೆ ಲೀಸ್ ರದ್ದು ಮಾಡಲಿ. ನಾವು ಸಹಿ ಹಾಕುತ್ತೇವೆ. ಟೆಂಡರ್ ಮಾತಿಗೆ ಮುಂಚೆ ಒಬ್ಬ ಅಧಿಕಾರಿ ಒಂದು ಇಡೀ ದಿನ ಇಲ್ಲಿ ಕೂತು ಯಾರು ಬರುತ್ತಾರೆ, ಏನು ಮಾಡುತ್ತಾರೆ ನೋಡಲಿ, ಬಡಾವಣೆಯವರ ಸಭೆ ಕರೆಯಲಿ. ಹೌದೋ ಅಲ್ಲವೋ, ಕಾರಣ ಬರೆದು ಉತ್ತರ ಕೊಡಲಿ.

ಅಲ್ಲಿಯವರೆಗೆ ನಮ್ಮ ಚೆಕ್ ವಾಪಸ್ ಕಳಿಸಬೇಡಿ ಎಂದು ಆ ಕಚೇರಿಗೆ ನನ್ನ ವಿನಂತಿ. ತಿಂಗಳು ತಿಂಗಳ ಬಾಡಿಗೆಯನ್ನು ಸಂಘದ ಹೆಸರಿನ ಬೇರೆ ಖಾತೆಯಲ್ಲಿ ಎತ್ತಿಡುತ್ತಿದ್ದೇವೆ. ಕೇಳಿದ ದಿನ ಪೂರ್ತಿ ಕಟ್ಟುತ್ತೇವೆ.

— ಕೇಂದ್ರದ ಖಜಾಂಚಿ, ನಿವೃತ್ತ ಎಚ್‌ಎಂಟಿ ಉದ್ಯೋಗಿ, ಬೆಂಗಳೂರು