85 ಕುಣಿಕೆ, ಒಂದು ಮಳೆಗಾಲ

ಮಳೆಗಾಲ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯ ತನಕ ನಮ್ಮ ಶಾಲೆಯ ಪಿಯಾನೋದಲ್ಲಿ ಒಂದು ಕೀ ಕೂಡ ಸಿಕ್ಕಿಹಾಕಿಕೊಳ್ಳಲಿಲ್ಲ. ಮಂಗಳೂರಿನಲ್ಲಿ ಇರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಇಲ್ಲಿ ಜುಲೈಯಲ್ಲಿ ಹಗ್ಗಕ್ಕೆ ಹಾಕಿದ ಟವೆಲು ಮೂರು ದಿನವಾದರೂ ಒಣಗುವುದಿಲ್ಲ. ಇನ್ನು ಮರ, ಉಣ್ಣೆ, ಚರ್ಮ, ಅಂಟು ಸೇರಿಸಿ ಮಾಡಿದ ವಾದ್ಯದ ಪಾಡು ಕೇಳಬೇಕಾ?

ಅದಕ್ಕೇ ಈ ಬರಹ. ಕೆಲವರಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕಿತ್ತು. ಇಬ್ಬರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕುತ್ತಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಹಾರ್ಮೋನಿಯಂ ರಿಪೇರಿಯವನು. ಮೂರು ವರ್ಷದ ಹಿಂದೆ ಮ್ಯೂಸಿಕ್ ಟೀಚರ್ ಕರೆದು, ಕೀಗಳು ಒತ್ತಿದರೆ ಮೇಲೆ ಬರುವುದಿಲ್ಲ, ನೋಡಿ ಎಂದರು. ಲಂಡನ್ನಿನಲ್ಲಿ ಮಾಡಿದ ಹಳೇ ಪಿಯಾನೋ. 85 ಕೀ. ಬಿಸಿ ದೇಶಗಳಿಗೆಂದೇ ಮಾಡಿದ್ದು, ಮೂಲೆಗಳಿಗೆಲ್ಲ ಹಿತ್ತಾಳೆ ಸ್ಕ್ರೂ ಹಾಕಿದ್ದಾರೆ. ಬರೀ ಅಂಟು ನಮ್ಮ ಸೆಕೆಗೆ ನಿಲ್ಲುವುದಿಲ್ಲ ಎಂದು ಆಗಲೇ ಅವರಿಗೆ ಗೊತ್ತಿತ್ತು. ನನಗೆ ಅಷ್ಟೂ ಗೊತ್ತಿರಲಿಲ್ಲ ನೋಡಿ. ಒಳಗಿನ ಪಿನ್ನುಗಳಿಗೆಲ್ಲ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಎರಡು ವಾರ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಎಣ್ಣೆ ಉಣ್ಣೆಯೊಳಗೆ ಇಳಿದು, ಧೂಳು ಹಿಡಿದು, ಅಂಟಾಯಿತು. ವಾರ್ಷಿಕೋತ್ಸವದ ದಿನ ಪ್ರಾರ್ಥನೆಯ ಮಧ್ಯೆಯೇ ಮೂರು ಕೀ ಕೂತವು. ಟೀಚರ್ ಆ ಸ್ವರಗಳನ್ನು ಬಿಟ್ಟು ಬಿಟ್ಟು ನುಡಿಸಿ ಮುಗಿಸಿದರು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ.

ಮರುದಿನ ಸಿಸ್ಟರ್ ಕರೆಸಿದರು. ಬೈಗುಳ ತಿನ್ನಲು ರೆಡಿಯಾಗಿಯೇ ಹೋಗಿದ್ದೆ. ಅವರು ಹಾಲ್‌ನ ಬೀಗದ ಕೈ ಮೇಜಿನ ಮೇಲಿಟ್ಟು, "ಈಗ ಸರಿಯಾಗಿ ಕಲಿತು ಮಾಡಿ" ಎಂದರು. ಅಷ್ಟೇ. ಸಿಸ್ಟರ್, ಆ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಉಂಟು.

ಕಲಿಸಿದವರು ಬೆಂಗಳೂರಿನ ಒಬ್ಬ ಹಿರಿಯ ಟ್ಯೂನರ್. ಎಲ್ಲ ಫೋನಿನಲ್ಲೇ. ಕೀ ಒತ್ತಿದಾಗ ತಂತಿಗೆ ಬಡಿಯುವ ಪ್ರತಿ ಸುತ್ತಿಗೆಯೂ ಒಂದು ಸಣ್ಣ ಪಿನ್ನಿನ ಮೇಲೆ ತಿರುಗುತ್ತದೆ, ದಪ್ಪ 1.27 ಮಿಲಿಮೀಟರ್. ಸುತ್ತಲೂ ಕೆಂಪು ಉಣ್ಣೆ ಬಟ್ಟೆಯ ಒಳಪದರ. ಉಣ್ಣೆ ನೀರು ಹೀರಿ ಉಬ್ಬಿದರೆ ಪಿನ್ನನ್ನು ಹಿಡಿದುಕೊಳ್ಳುತ್ತದೆ. ನಾನು ಎಣ್ಣೆ ಕುಡಿಸಿದ್ದ ಹಳೇ ಬಟ್ಟೆಯನ್ನೆಲ್ಲ ತೆಗೆಸಿದರು. ಹೊಸದು ಹಾಕಿಸಿದರು. ಪಿನ್ನಿನ ಒಂದು ಸೈಜಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ತಲೆಕೂದಲ ದಪ್ಪಕ್ಕಿಂತ ಕಡಿಮೆ. ಸುತ್ತಿಗೆಯನ್ನು ಹಿಡಿದು ಬಿಟ್ಟರೆ ಐದಾರು ಸಲ ತೂಗಿ ನಿಲ್ಲಬೇಕು. ಜಾಸ್ತಿ ತೂಗಿದರೆ ಸಡಿಲ, ಕಡಿಮೆಯಾದರೆ ಬಿಗಿ. ರಾತ್ರಿ ಹತ್ತು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ನಾನು ತೂಗಿಸುವುದು, ಅವರು ಎಣಿಸುವುದು!

ಉಣ್ಣೆಯ ಸಹವಾಸವೇ ಬೇಡ, ಪ್ಲಾಸ್ಟಿಕ್ ಹಾಕೋಣ ಎಂದೆ ಒಮ್ಮೆ. ಅವರು ನಕ್ಕು ಸ್ಟೈನ್‌ವೇ ಕಥೆ ಹೇಳಿದರು. ಅಮೆರಿಕದ ಆ ದೊಡ್ಡ ಪಿಯಾನೋ ಕಂಪನಿ 1960ರ ದಶಕದಲ್ಲಿ ಉಣ್ಣೆ ತೆಗೆದು ಟೆಫ್ಲಾನ್ ಎಂಬ ಪ್ಲಾಸ್ಟಿಕ್ ಹಾಕಿತು. ಟೆಫ್ಲಾನ್ ಉಬ್ಬುವುದಿಲ್ಲ, ನಿಜ. ಆದರೆ ಸುತ್ತಲಿನ ಮರ ಉಬ್ಬುತ್ತದೆ, ಕುಗ್ಗುತ್ತದೆ. ಹವೆ ಬದಲಾದಾಗ ಒಂದಕ್ಕೊಂದು ಹೊಂದದೆ ಟಿಕ್ ಟಿಕ್ ಸದ್ದು ಶುರುವಾಯಿತು. 1980ರ ದಶಕದ ಆರಂಭದಲ್ಲಿ ಅವರೇ ಮತ್ತೆ ಉಣ್ಣೆಗೆ ಬಂದರು. ಹಾಗೆಂದು ಪ್ಲಾಸ್ಟಿಕ್ಕೇ ಕೆಟ್ಟದ್ದು ಅಂತಲ್ಲ. ಜಪಾನಿನ ಕವಾಯ್ ಕಂಪನಿ ದಶಕಗಳಿಂದ ಪಿಯಾನೋದ ಒಳಭಾಗಗಳನ್ನು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿದೆ, ಈಗ ಅದಕ್ಕೆ ಕಾರ್ಬನ್ ಫೈಬರ್ ಕೂಡ ಸೇರಿಸುತ್ತಾರೆ, ಚೆನ್ನಾಗಿಯೇ ನಡೆಯುತ್ತಿದೆ. ಅಲ್ಲಿ ಇಡೀ ಭಾಗವೇ ಪ್ಲಾಸ್ಟಿಕ್. ನಾನು ಮಾಡಹೊರಟಿದ್ದು ಹಳೇ ಮರದ ತೂತಿಗೆ ಪ್ಲಾಸ್ಟಿಕ್ ತುಂಬುವ ಕೆಲಸ.

ಇಷ್ಟಾದರೂ ಇನ್ನೊಂದು ತಲೆನೋವು ಉಳಿದಿತ್ತು. ಸುತ್ತಿಗೆ ತಂತಿಗೆ ಬಡಿದ ಮೇಲೆ ಬೇಗ ವಾಪಸ್ ಬರಲು ಒಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಅದರ ತುದಿಯನ್ನು ಹಿಡಿದಿಡುವುದು ಒಂದು ನೂಲಿನ ಕುಣಿಕೆ, ಅಕ್ಕಿಕಾಳಿಗಿಂತ ದೊಡ್ಡದಲ್ಲ. ನಮ್ಮ ಪಿಯಾನೋದಲ್ಲಿ 85 ಕುಣಿಕೆಗಳೂ ಕೊಳೆತಿದ್ದವು. ಬೆರಳು ತಾಗಿದರೆ ಪುಡಿ. ಒಂದೇ ಸ್ವರವನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಎರಡನೆಯದು ಕೇಳುತ್ತಲೇ ಇರಲಿಲ್ಲ.

ನಾನು ಅಂಗಡಿಯಿಂದ ನೈಲಾನ್ ಗಾಳದ ದಾರ ತಂದೆ. ಗಟ್ಟಿ ಇದೆ, ಕೊಳೆಯುವುದಿಲ್ಲ, ಇನ್ನೇನು ಬೇಕು ಎಂದುಕೊಂಡು. ಮೂವತ್ತು ಹಾಕಿದೆ. ಮೂವತ್ತೂ ಟಿಕ್ ಟಿಕ್. ನೈಲಾನ್ ಮೇಲೆ ಸ್ಪ್ರಿಂಗ್ ಜಾರುವಾಗ ಸದ್ದು. ಮೇಲಿಂದ ಅಂಟು ಕೂಡ ಹಿಡಿಯದೆ ದಾರ ಕಳಚಿ ಬರುತ್ತಿತ್ತು. ಟೆಫ್ಲಾನ್ ಕಥೆಯನ್ನು ನನ್ನ ಟೇಬಲ್ಲಿನ ಮೇಲೇ ಇನ್ನೊಮ್ಮೆ ಮಾಡಿ ನೋಡಿದ ಹಾಗಾಯಿತು.

ಮೀನು ತರಲು ದಕ್ಕೆಗೆ ಹೋದಾಗ ಬಲೆ ಸರಿಮಾಡುವ ಅಜ್ಜನಿಗೆ ಸುಮ್ನೆ ತೋರಿಸಿದೆ. ಅವರು ನನ್ನ ನೈಲಾನನ್ನು ಉಗುರಿನಲ್ಲಿ ಗೀರಿ, "ಇದು ಮೀನಿಗೆ ಮಾರಾಯ, ಮರಕ್ಕಲ್ಲ" ಎಂದರು. ಹುರಿ ಹಾಕಿದ ಮೆತ್ತಗಿನ ಪಾಲಿಯೆಸ್ಟರ್ ನೂಲು ಕೊಟ್ಟರು. ಅದರ ಎಳೆಗಳ ನಡುವೆ ಅಂಟು ಇಳಿಯುತ್ತದೆ. ಅಂಟನ್ನೊಂದೇ ನಂಬಬೇಡ, ಹಿಂದೆ ಗಂಟು ಹಾಕು ಎಂದು ಬಲೆಯ ಗಂಟನ್ನು ಕಲಿಸಿದರು. ನನ್ನ ದಪ್ಪ ಬೆರಳಿಗೆ ಅದು ಬರಲು ನಾಲ್ಕು ಭಾನುವಾರ ಬೇಕಾಯಿತು. ಐದನೇ ಭಾನುವಾರ ಹೆಂಡತಿ ಪಕ್ಕದಲ್ಲಿ ಕೂತು, ನಾನು ಒಂದು ಹಾಕುವಷ್ಟರಲ್ಲಿ ಮೂರು ಹಾಕಿದಳು. ಹಾಗಾಗಿ 85ರಲ್ಲಿ ನನ್ನವು ಎಷ್ಟು ಎಂದು ಕೇಳಬೇಡಿ.

ಶಾಲೆಯ ಅಟೆಂಡರ್ ಅಣ್ಣನಿಗೆ ವಿಶೇಷ ಥ್ಯಾಂಕ್ಸ್. ಮೊದಲು ಪಿಯಾನೋದೊಳಗೆ 40 ವಾಟ್ ಬಲ್ಬ್ ಉರಿಯುತ್ತಿತ್ತು, ಅದು ಒಂದೇ ಮೂಲೆಯನ್ನು ಒಣಗಿಸುತ್ತಿತ್ತು. ಈಗ ಕೆಳಗೆ ಉದ್ದಕ್ಕೆ ಬಿಸಿ ರಾಡ್ ಹಾಕಿದ್ದೇವೆ. ಅಣ್ಣ ದಿನಾ ಬೆಳಗ್ಗೆ ಬೆಲ್ ಹೊಡೆದು, ತೇವ ಅಳೆಯುವ ಮೀಟರ್ ನೋಡಿ, ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಜುಲೈಯ ಒಂದು ಪುಟ ನನ್ನೆದುರು ಉಂಟು: ಪಿಯಾನೋದ ಹೊರಗೆ ತೇವ ಶೇಕಡಾ 92, ಒಳಗೆ 66. ಪಕ್ಕದಲ್ಲಿ ಷರಾ: "ಕರೆಂಟ್ ಇಲ್ಲ, ಕಿಟಕಿ ಹಾಕಿದೆ."

ಕಳೆದ ವಾರ ದಕ್ಕೆಯ ಅಜ್ಜನನ್ನು ಶಾಲೆಗೆ ಕರೆದುಕೊಂಡು ಬಂದೆ. ದುಡ್ಡು ತೆಗೆದುಕೊಳ್ಳಲೇ ಇಲ್ಲ, ಚಾ ಕುಡಿದರು. ಟೀಚರ್ ನುಡಿಸಿದರು, ಮಕ್ಕಳು ಹಾಡಿದರು. ಅಜ್ಜ ಅದನ್ನೆಲ್ಲ ಅಷ್ಟಾಗಿ ಕೇಳಿದ ಹಾಗೆ ಕಾಣಲಿಲ್ಲ. ಮುಗಿದ ಮೇಲೆ, "ನನ್ನ ನೂಲು ಎಲ್ಲಿ?" ಎಂದರು. ಮುಂದಿನ ಹಲಗೆ ತೆಗೆದು ಟಾರ್ಚ್ ಹಿಡಿದೆ. ಬಗ್ಗಿ ನೋಡಿದರು, ಕಿರುಬೆರಳಿನಿಂದ ಒಂದು ಕುಣಿಕೆಯನ್ನು ಮೆಲ್ಲಗೆ ಎಳೆದರು.

"ಇದು ನಿನ್ನ ಹೆಂಡತಿ ಹಾಕಿದ್ದು ಅಲ್ವಾ?" ಎಂದರು.