ಡ್ರೋನ್ ತಗೊಳ್ಳೋ ಮುಂಚೆ ಇದನ್ನ ಓದ್ಕೋ ಪುಟ್ಟಾ

ಪುಟ್ಟಾ,

ನಿನ್ನೆ ರಾತ್ರಿ ನಿಮ್ಮಪ್ಪ ಫೋನ್ ಮಾಡಿದ್ದ. ಡ್ರೋನ್ ಬೇಕು ಅಂತ ಹುಡುಗ ಮೂರು ದಿನದಿಂದ ಮುಖ ಊದಿಸ್ಕೊಂಡಿದಾನೆ, ನೀನಾದ್ರೂ ಬುದ್ಧಿ ಹೇಳಣ್ಣ ಅಂದ. ಬೇಡ ಅಂತ ಹೇಳ್ತೀನಿ ಅಂದ್ಕೊಂಡಿರ್ಬೇಕು ಪಾಪ. ಎನ್‌ಸಿಸಿ ಏರ್ ವಿಂಗ್ ಸೇರ್ಕೊಂಡು ಬಾಲ್ಸಾ ಅನ್ನೋ ಹಗುರ ಮರದ ಮಾದರಿ ವಿಮಾನದ ಹುಚ್ಚಲ್ಲಿ ಪರೀಕ್ಷೆ ಕೆಡಿಸ್ಕೊಂಡವನು ನಾನು, ನಿಂಗೆ ಯಾವ ಬಾಯಲ್ಲಿ ಬೇಡ ಅನ್ಲಿ?

ಆಗ ನಮ್ದು ಕಂಟ್ರೋಲ್ ಲೈನ್ ವಿಮಾನ ಕಣೋ. ಎರಡು ತಂತಿ ಹಿಡ್ಕೊಂಡು ನಡುವೆ ನಾವು ನಿಂತ್ರೆ ಅದು ಸುತ್ತಾ ಗಿರ್ರಂತ ತಿರುಗೋದು, ಅದರ ಜೊತೆ ನಾವೂ ತಿರುಗಿ ತಲೆ ಸುತ್ತಿ ಕೂತ್ಕೊಳ್ಳೋದು. ಮೆಥನಾಲ್‌ಗೆ ಹರಳೆಣ್ಣೆ ಬೆರೆಸಿ ಎಂಜಿನ್‌ಗೆ ಹಾಕಿ, ಪ್ರೊಪೆಲ್ಲರ್‌ನ ಬೆರಳಲ್ಲಿ ಹೊಡೆದು ಸ್ಟಾರ್ಟ್ ಮಾಡ್ಬೇಕಿತ್ತು. ನನ್ನ ತೋರುಬೆರಳಲ್ಲಿ ಒಂದು ಗೀರಿದ್ಯಲ್ಲ, ಚಿಕ್ಕವನಿದ್ದಾಗ ನಾಯಿ ಕಚ್ಚಿದ್ದು ಅಂತ ನಿಂಗೆ ಸುಳ್ಳು ಹೇಳಿದ್ದೆ, ಅದು ಇದೇ.

ಈಗ ವಿಷಯಕ್ಕೆ ಬರ್ತೀನಿ. ಈಗಿನ ಕ್ಯಾಮೆರಾ ಡ್ರೋನ್‌ಗಳು ರಿಮೋಟಿನ ಕಡ್ಡಿ ಬಿಟ್ರೂ ಜಿಪಿಎಸ್ ಇಟ್ಕೊಂಡು ನಿಂತಲ್ಲೇ ನಿಂತಿರ್ತವೆ, ಅದನ್ನ ನೋಡಿ ನಮಗೇ ಹಾರಿಸೋಕೆ ಬಂತು ಅನ್ಸುತ್ತೆ. ಬಂದಿರಲ್ಲ. ಮರದ ಕೆಳಗೆ ಹೋಗಿ ಜಿಪಿಎಸ್ ಹೋಯ್ತು ಅಂದ್ರೆ ಗಾಳಿ ಕಡೆ ಜಾರ್ಕೊಂಡು ಹೊರಡುತ್ತೆ, ಆಗ ಏನು ಮಾಡ್ಬೇಕು ಅಂತ ಕೈಗೇ ಗೊತ್ತಿರ್ಬೇಕು, ತಲೆ ಯೋಚಿಸೋ ಅಷ್ಟರಲ್ಲಿ ಅದು ಪಕ್ಕದ ತೋಟದಲ್ಲಿರುತ್ತೆ. ಅದಕ್ಕೇ ಮೊದಲು ಜಿಪಿಎಸ್ ಇಲ್ಲದ, ಅಂಗೈಯಗಲದ ಒಂದು ಆಟದ ಡ್ರೋನ್ ತಗೋ, ರೆಕ್ಕೆ ಸುತ್ತ ಪ್ಲಾಸ್ಟಿಕ್ ಬಳೆ ಇರೋದು. ಗೋಡೆಗೆ ಹೊಡಿ, ಸೋಫಾ ಕೆಳಗೆ ನುಗ್ಗಿಸು, ಪರವಾಗಿಲ್ಲ. ಇಲ್ಲಾಂದ್ರೆ ಯುಎಸ್‌ಬಿಲಿ ಲ್ಯಾಪ್‌ಟಾಪಿಗೆ ಹಾಕೋ ರಿಮೋಟ್ ಒಂದು ತಗೊಂಡು ಸಿಮ್ಯುಲೇಟರ್‌ನಲ್ಲಿ, ಅಂದ್ರೆ ಪರದೆ ಮೇಲೆ ಡ್ರೋನ್ ಹಾರಿಸೋ ಆಟದಲ್ಲಿ, ದಿನಾ ಅರ್ಧ ಗಂಟೆ ಬೀಳಿಸು, ಅಲ್ಲಿ ಬಿದ್ರೆ ದುಡ್ಡು ಹೋಗಲ್ಲ.

ರಿಮೋಟಿನ ಎಡಗಡೆ ಕಡ್ಡಿ ಮೇಲೆ ಕೆಳಗೆ ಮಾಡಿದ್ರೆ ಏರೋದು ಇಳಿಯೋದು, ಪಕ್ಕಕ್ಕೆ ತಳ್ಳಿದ್ರೆ ನಿಂತಲ್ಲೇ ಮೂತಿ ತಿರುಗೋದು. ಬಲಗಡೆ ಕಡ್ಡಿ ಮುಂದೆ ಹಿಂದೆ ಅಕ್ಕ ಪಕ್ಕ. ಇಷ್ಟೇ, ಒಂದು ಸಂಜೆ ಸಾಕು. ಕಷ್ಟ ಇರೋದು ಡ್ರೋನ್ ಮೂತಿ ನಿನ್ನ ಕಡೆ ತಿರುಗಿದಾಗ. ಆಗ ಎಡಕ್ಕೆ ಅಂದ್ರೆ ಅದು ನಿನ್ನ ಬಲಕ್ಕೆ ಹೋಗುತ್ತೆ, ಎಲ್ಲರೂ ಬೀಳಿಸೋದು ಇಲ್ಲೇ. ನಮ್ಮ ಕಾಲದ ರಿಮೋಟ್ ವಿಮಾನದವರದ್ದು ಒಂದು ಉಪಾಯ ಇದೆ: ಯಾವ ಪಕ್ಕ ಕೆಳಗೆ ವಾಲಿದ್ಯೋ ಆ ಕಡೆಗೇ ಕಡ್ಡಿ ತಳ್ಳು, ಬೀಳೋ ಗೋಡೆಗೆ ಆಸರೆ ಕೋಲು ಕೊಡ್ತೀವಲ್ಲ ಹಂಗೆ. ನೆಟ್ಟಗಾಗುತ್ತೆ. ಮೂತಿ ನಿನ್ನ ಕಡೆ ಇಟ್ಕೊಂಡು ಎದೆಮಟ್ಟದಲ್ಲಿ ಎರಡು ನಿಮಿಷ ನಿಲ್ಲಿಸೋಕೆ ಬಂದ ದಿನ ನಂಗೆ ಫೋನ್ ಮಾಡು, ಕ್ಯಾಮೆರಾ ವಿಷಯ ಅವತ್ತು ಮಾತಾಡೋಣ.

ನಾನು ಮಾಡಿದ ದಡ್ಡತನನೂ ಹೇಳ್ಬಿಡ್ತೀನಿ. ಹೋದ ವರ್ಷ ಸ್ನೇಹಿತರ ಡ್ರೋನ್ ತಂದು ನಮ್ಮ ತೆಂಗಿನ ತೋಟದ ಮೇಲೆ ಬಿಟ್ಟಿದ್ದೆ. ಸಿಗ್ನಲ್ ತಪ್ಪಿದ್ರೆ ತಾನಾಗೇ ಹೊರಟ ಜಾಗಕ್ಕೆ ವಾಪಸ್ ಬರುತ್ತಲ್ಲ, ಹಂಗೆ ಬರೋ ಎತ್ತರ ಎಷ್ಟಿಟ್ಟಿದೆ ಅಂತ ನೋಡಿರ್ಲಿಲ್ಲ, 15 ಮೀಟರ್ ಇತ್ತು. ನಮ್ಮ ಹಳೇ ಮರಗಳು ಅದಕ್ಕಿಂತ ಎತ್ತರ. ನೆಟ್ಟಗೆ ಬಂದು ಗರಿಗೆ ಸಿಕ್ಕಾಕ್ಕೊಂಡು ಕೂಗ್ತಾ ಕೂತಿತ್ತು, ಮರ ಹತ್ತೋನು ಬರೋಕೆ ಎರಡು ದಿನ, ಅಷ್ಟರಲ್ಲಿ ಒಂದು ಮಳೆ. ದುಡ್ಡು ನಾನೇ ಕಟ್ಕೊಟ್ಟೆ. ಹಾರಿಸೋ ಮುಂಚೆ ಸುತ್ತ ಇರೋದ್ರಲ್ಲಿ ಎತ್ತರದ ಮರ ಯಾವ್ದು ನೋಡಿ ಅದಕ್ಕಿಂತ ಮೇಲಿಡು.

ಗಾಳಿ ವಿಷಯ. ಆಷಾಢದಲ್ಲಿ ಡಬ್ಬ ಬಿಚ್ಚಲೇಬೇಡ. ಬೇರೆ ದಿನ ಹೋಗುವಾಗ ಎದುರುಗಾಳಿಗೆ ಹೋಗು, ಬರುವಾಗ ಗಾಳಿ ಬೆನ್ನಿಗಿರ್ಲಿ. ಉಲ್ಟಾ ಮಾಡಿದ್ರೆ ಹೋಗೋದು ಸುಖವಾಗಿ ಹೋಗುತ್ತೆ, ವಾಪಸ್ ಬರೋಕೆ ಬ್ಯಾಟರಿ ಸಾಲಲ್ಲ. ನೂರರಲ್ಲಿ 30 ಉಳಿದಾಗ್ಲೇ ಇಳಿಸು. ಸೀದಾ ಬಾವಿಗೆ ಬಿಂದಿಗೆ ಬಿಟ್ಟಂಗೆ ಇಳಿಸ್ಬೇಡ, ತಾನೇ ತಳ್ಳಿದ ಗಾಳಿಯೊಳಗೆ ತಾನೇ ಕುಸಿದು ತೂರಾಡುತ್ತೆ, ಸ್ವಲ್ಪ ಓರೆಯಾಗಿ ಇಳಿಸು. ಹದ್ದು ಸುತ್ತು ಹಾಕ್ತಿದ್ರೆ ಅವತ್ತು ಆಕಾಶ ಅದರದ್ದು, ನೀನು ಮನೆಗೆ ಬಾ.

ಡ್ರೋನಿನ ಲೀಪೋ (ಲಿಥಿಯಂ ಪಾಲಿಮರ್) ಬ್ಯಾಟರಿನ ರಾತ್ರಿ ಚಾರ್ಜಿಗೆ ಹಾಕಿ ಮಲಗ್ಬೇಡ, ಹಾಸಿಗೆ ಮೇಲಂತೂ ಬೇಡವೇ ಬೇಡ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ವಾರಗಟ್ಟಲೆ ಸುಮ್ನೆ ಇಡೋದಾದ್ರೆ 3.8ರ ಹತ್ರ ಇಳಿಸಿಡು. ಪೂರಿ ತರ ಊದಿದ್ರೆ ಮುಗೀತು, ಇನ್ನೊಂದು ಸಲ ನೋಡೋಣ ಅನ್ಬೇಡ.

ದುಬೈನಲ್ಲಿರೋ ಸೋದರಮಾವನ ಕೈಲಿ ತರಿಸ್ತೀನಿ ಅಂದ್ಯಂತೆ. 2022ರ ಫೆಬ್ರವರಿಯಿಂದ ಹೊರದೇಶದ ರೆಡಿ ಡ್ರೋನ್ ಆಮದು ನಿಷೇಧ ಕಣೋ, ಏರ್‌ಪೋರ್ಟ್‌ನಲ್ಲಿ ಹಿಡ್ಕೊಂಡ್ರೆ ಪಾಪ ಅವನಿಗೆ ತಲೆನೋವು. 2021ರ ಡ್ರೋನ್ ನಿಯಮ ಓದ್ಕೋ. 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆಜಿ ತನಕ ಮೈಕ್ರೋ. ಶೋಕಿಗೆ ಹಾರಿಸೋದಾದ್ರೆ ಇವೆರಡಕ್ಕೂ ಪೈಲಟ್ ಸರ್ಟಿಫಿಕೇಟ್ ಬೇಡ, ಆದ್ರೆ ಫ್ರೆಂಡ್ ಮದುವೆ ವಿಡಿಯೋ ಮಾಡಿ ದುಡ್ಡು ಇಸ್ಕೊಂಡೆ ಅಂದ್ರೆ ಮೈಕ್ರೋಗೆ ಆ ರಿಯಾಯಿತಿ ಇಲ್ಲ. 250 ಗ್ರಾಂ ದಾಟಿದ್ರೆ ನೋಂದಣಿ ನಂಬರೂ ಬೇಕು, ವಿಮೆನೂ ಬೇಕು. ಡಿಜಿಟಲ್ ಸ್ಕೈ ಅನ್ನೋ ಸರ್ಕಾರದ ಡ್ರೋನ್ ವೆಬ್‌ಸೈಟಿನ ಮ್ಯಾಪ್‌ನಲ್ಲಿ ಹಸಿರು ಬಣ್ಣ ಇದ್ದ ಕಡೆ 400 ಅಡಿ ತನಕ ಹೋಗ್ಬಹುದು, ಏರ್‌ಪೋರ್ಟ್‌ನಿಂದ 8ರಿಂದ 12 ಕಿಲೋಮೀಟರ್ ನಡುವೆ ಆದ್ರೆ 200 ಅಡಿ ಅಷ್ಟೇ. ನಿಮ್ಮನೆ ಯಲಹಂಕದಲ್ಲಿ, ಒಂದು ಕಡೆ ವಾಯುಪಡೆ ನಿಲ್ದಾಣ, ಇನ್ನೊಂದು ಕಡೆ ಜಕ್ಕೂರು ವಿಮಾನ ನಿಲ್ದಾಣ, ಆದ್ದರಿಂದ ತಾರಸಿ ಮೇಲೆ ಏರಿಸೋ ಆಸೆ ಇವತ್ತೇ ಬಿಟ್ಬಿಡು.

ದಸರಾ ರಜಕ್ಕೆ ಇಲ್ಲಿಗೇ ತಗೊಂಡು ಬಾ. ಬೆಳಗ್ಗೆ ಆರೂವರೆಗೆ ಕೆರೆ ಅಂಗಳದ ಖಾಲಿ ಜಾಗದಲ್ಲಿ ಗಾಳಿ ಇರಲ್ಲ, ಜನ ಇರಲ್ಲ. ಮನೆ ಅಂಗಳದಲ್ಲಿ ಮಾತ್ರ ಏರಿಸ್ಬೇಡ, ಹೋದ ಸಲ ನಾನು ಏರಿಸಿ ನಿಮ್ಮ ದೊಡ್ಡಮ್ಮನ ಸಂಡಿಗೆ ಎಲ್ಲಾ ಕೊಟ್ಟಿಗೆ ಪಾಲಾಗಿ ಎರಡು ದಿನ ನಂಗೆ ಕಾಫಿ ಸಿಕ್ಕಿರ್ಲಿಲ್ಲ.

ನಿನ್ನ ದೊಡ್ಡಪ್ಪ